ಡೈನೋಸಾರ್ ಸಾಕಿದ ಅವ್ವನಿಗೆ

ಅವ್ವಾ,

ನಮಸ್ಕಾರ ಆಮೇಲೆ ಮಾಡುತ್ತೇನೆ, ಮೊದಲು ನನ್ನ ಸಿಟ್ಟು ಕೇಳು. "ಶೈಲಾ ಯಾವಾಗ ಸಿಟ್ಟಿನ್ಯಾಗ ಇರೂದಿಲ್ಲ, ಅದನ್ನರ ಹೇಳು" ಅಂತ ನೀನು ಅನ್ನುತ್ತೀ, ಗೊತ್ತು. ಆದರೆ ಈ ಸಲದ್ದು ಹಾಲಿನವನ ಮೇಲಿನ ಸಿಟ್ಟಲ್ಲ, ಸೊಸೈಟಿ ಮೀಟಿಂಗಿನ ಸಿಟ್ಟೂ ಅಲ್ಲ. ನಿನ್ನ ಪಾರ್ಕು ಮುಚ್ಚಿಬಿಟ್ಟರು. ಟ್ಯಾಬಿನೊಳಗೆ ನೀನು ಕಟ್ಟಿದ್ದ ಆ ಡೈನೋಸಾರ್ ಪಾರ್ಕು. ಎಲ್ಲರದನ್ನೂ ಮುಚ್ಚುವವರೇ ಇದ್ದರು, ಆದರೆ ಎಲ್ಲರಿಗಿಂತ ಮೊದಲು ನಿನ್ನದನ್ನು ಮುಚ್ಚಿದರು. ಅದೂ ಯಾಕೆ ಅಂದರೆ... ಇರಲಿ, ಬುಡದಿಂದ ಹೇಳುತ್ತೇನೆ.

ಆ ಸಿನಿಮಾಕ್ಕೆ ನಾವು ಮೂರು ಮಂದಿ ಹೋಗಿದ್ದು ನೆನಪಿದೆಯಾ? ನೀನು, ನಾನು, ಇನ್ನೂ ಚಡ್ಡಿ ಹಾಕುತ್ತಿದ್ದ ತಮ್ಮ ವಿನಾಯಕ. ಹಿಂದಿ ಮಾತಾಡುವ ಅಮೆರಿಕದವರು, ಅವರ ಬೆನ್ನಿಗೆ ಬಿದ್ದ ಡೈನೋಸಾರುಗಳು. ಥಿಯೇಟರಿನ ಮಂದಿಯೆಲ್ಲ ಕುರ್ಚಿ ಗಟ್ಟಿಯಾಗಿ ಹಿಡಿದು ಕೂತಿದ್ದಾಗ ನೀನು ಸೆರಗು ಸರಿಮಾಡಿಕೊಂಡು, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಕೇಳಿದ್ದೆ: "ಅಲ್ಲಾ, ಮುಂಜಾನಿಂದ ಅದಕ್ಕ ಯಾರರ ಏನರ ಹಾಕ್ಯಾರೇನ? ಬರೇ ಬಂದವರಿಗೆ ತೋರಸೂದ ನಡದದ." ನನಗೆ ನಾಚಿಕೆಯಾಗಿ ಕುರ್ಚಿಯಲ್ಲಿ ಇಳಿದು ಕೂತಿದ್ದೆ. ಮನೆಗೆ ಬರುವ ಬಸ್ಸಿನಲ್ಲೂ ನೀನು ಬಿಡಲಿಲ್ಲ. ಬೇಲಿಗೆ ಕರೆಂಟು ಇತ್ತೋ ಇಲ್ಲವೋ, ಕಂಪ್ಯೂಟರು ಯಾರು ಕೆಡಿಸಿದರು, ಯಾವುದೂ ನಿನಗೆ ಬೇಕಾಗಿರಲಿಲ್ಲ. "ಹಸಗೊಂಡಿತ್ತು, ಹಾರಿ ಬಂತು. ಅದರದೇನ ತಪ್ಪದ?" ಅಂತ ಕಂಡಕ್ಟರನ ಎದುರೂ ವಾದ. ಜಗತ್ತೆಲ್ಲ ಹೆದರಿ ನೋಡಿದ ಸಿನಿಮಾದಲ್ಲಿ ನಿನಗೆ ಕಂಡದ್ದು ಹೊತ್ತಿಗೆ ಸರಿಯಾಗಿ ಊಟ ಹಾಕದ ಮನೆತನ.

ಎಷ್ಟೋ ವರ್ಷಗಳ ಮೇಲೆ, ಮೊಣಕಾಲಿನ ಆಪರೇಶನ್ ಆಗಿ ನೀನು ಮರಾಠಿ ಸೀಮೆಯ ಕೋಥರೂಡದ ನಮ್ಮ ಮನೆಗೆ ಬಂದೆ. ಗ್ಯಾಲರಿಯಲ್ಲಿ ಕಾಲು ಚಾಚಿ ಕೂತು ಬೇಸತ್ತಾಗ ನನ್ನ ಮಗಳು ರಮಾ ನಿನಗೆ ಆ ಆಟ ಹಾಕಿಕೊಟ್ಟಳು. ಅದೇ ಸಿನಿಮಾದ ಹೆಸರು, ಅದೇ ಗೇಟು. ಆಟದವರು ಒಂದು ಖಾಲಿ ದ್ವೀಪ ಕೊಡುತ್ತಾರೆ. ಮೊಟ್ಟೆಯಿಂದ ಮರಿ ಮಾಡಿಸಿ, ಬೇಲಿ ಹಾಕಿ, ಮೇವು ಹಾಕಿ, ನೋಡುವ ಮಂದಿಗೆ ಬಾಗಿಲು ತೆರೆದು ಪಾರ್ಕು ನಡೆಸಬೇಕು. ನೀನು ಕನ್ನಡಕ ಏರಿಸಿ ಎರಡು ದಿನ ಸುಮ್ಮನೆ ನೋಡಿದೆ. ಮೂರನೆಯ ದಿನ, "ನೋಡೂಣು, ಆ ಮಂದಿ ಕಡೆ ಆಗಲಾರದ್ದು ನಮ್ಮ ಕಡೆ ಆಗತದೋ ಇಲ್ಲೋ" ಅಂದೆ. ರಮಾ ಹಾಸ್ಟೆಲಿಗೆ ಹೋದಳು, ನಿನ್ನ ಕಾಲು ಸರಿಹೋಯಿತು, ಆದರೆ ಪಾರ್ಕು ನಿಲ್ಲಲಿಲ್ಲ.

ನೀನು ಹೆಸರಿಟ್ಟದ್ದು ನೆನೆದರೆ ಈಗಲೂ ಸಿಟ್ಟಿನ ಮಧ್ಯೆ ನಗು ಬರುತ್ತದೆ. ಮೂರು ಕೊಂಬಿನದು ಗೌರಿ. ಉದ್ದ ಕತ್ತಿನದು ಬೇಲಿಯಾಚೆ ಸದಾ ಇಣುಕುತ್ತಿತ್ತಂತೆ, ಅದಕ್ಕೆ ನಮ್ಮ ನೆರೆಮನೆಯವಳ ಹೆಸರೇ, ಪರಿಮಳಾ ಬಾಯಿ. ಎಲ್ಲಕ್ಕಿಂತ ದೊಡ್ಡದು, ಹಲ್ಲಿನದು, ಅಷ್ಟು ದೊಡ್ಡ ತಲೆಯಿದ್ದೂ ಕೈ ಮಾತ್ರ ಯಾವ ಕೆಲಸಕ್ಕೂ ಬಾರದ್ದು, ಅದು ತಹಶೀಲ್ದಾರ. ತಹಶೀಲ್ದಾರನಿಗೆ ಮಾಂಸ ಹಾಕಬೇಕಲ್ಲ, ಆ ಗುಂಡಿಯನ್ನು ನೀನು ಎಡಗೈ ಬೆರಳಿನಿಂದ ಒತ್ತುತ್ತಿದ್ದೆ. ಒತ್ತಿ, ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದೆ. ಅಮಾವಾಸ್ಯೆಯ ದಿನ ಆಟದವರು "ಇವತ್ತೊಂದೇ ದಿನ, ಅಪರೂಪದ ಮೊಟ್ಟೆ" ಅಂತ ಆಸೆ ತೋರಿಸಿದರೆ, "ಅಮಾಸಿ ದಿನ ಮರಿ ಮಾಡಸ್ತಾರೇನ? ನಾಳೆ ಕೊಡಂತ ಹೇಳು" ಅಂತ ನನ್ನ ಮೇಲೆಯೇ ರೇಗುತ್ತಿದ್ದೆ. ಮುಂಜಾನೆ ಎಲ್ಲಕ್ಕೂ ಮೇವು ಬಿದ್ದ ಮೇಲೆಯೇ ಗೇಟು ತೆರೆಯುವುದು. ಬಂದ ಮಂದಿ ಹೊರಗೆ ಎಷ್ಟು ಕಾದರೂ ಸರಿಯೇ, ನಿನ್ನ ಕ್ರಮ ತಪ್ಪಲಿಲ್ಲ. ಆ ಪಾರ್ಕಿನ ಬೇಲಿ ಒಂದು ಸಲವೂ ಮುರಿಯಲಿಲ್ಲ.

ನೀನು ಹೋದ ಮರುದಿನ ಸಂಜೆ ನಾವೆಲ್ಲ ವಿನಾಯಕನ ಮನೆಯಲ್ಲಿ ಕೂತಿದ್ದೆವು. ಸೂತಕದ ಮನೆ. ನನ್ನ ಚೀಲದಲ್ಲಿದ್ದ ನಿನ್ನ ಟ್ಯಾಬು ಗುರ್ ಅಂತ ಗರ್ಜಿಸಿತು. ನಿಮ್ಮ ಡೈನೋಸಾರುಗಳಿಗೆ ಹಸಿವಾಗಿದೆ ಅಂತ ಇಂಗ್ಲಿಷಿನಲ್ಲಿ ಬರುತ್ತದಲ್ಲ, ಅದು. ಬಂದ ಬೀಗರು ಬೆಚ್ಚಿಬಿದ್ದರು. ವಿನಾಯಕ ಹಲ್ಲು ಕಚ್ಚಿ, "ಅಕ್ಕಾ, ಅದನ್ನ ಬಂದ್ ಮಾಡ ಮೊದಲ" ಅಂದ. ಬಂದ್ ಮಾಡಲಿಕ್ಕೆಂದೇ ತೆಗೆದೆ. ಆದರೆ ಧಾರವಾಡದಲ್ಲಿ ಕಾಕಾ ಹೋದಾಗ ನೀನು ಅಂಗಳದಲ್ಲಿ ನಿಂತು ಬೈದದ್ದು ನೆನಪಾಯಿತು: "ಎಮ್ಮಿಗೂ ಸೂತಕ ಹಾಕಿದಿರೇನ? ಅತ್ತದ್ದು ಸಾಕು, ಎದ್ದು ನೀರ ಕುಡಸ್ರಿ." ಹಿತ್ತಲ ಗ್ಯಾಲರಿಗೆ ಹೋಗಿ ಗೌರಿಗೆ ಹಾಕಿದೆ, ಪರಿಮಳಾ ಬಾಯಿಗೆ ಹಾಕಿದೆ. ತಹಶೀಲ್ದಾರನಿಗೆ ಎಡಗೈಯಿಂದ. ಅವತ್ತಿನಿಂದ ಒಂದು ಹೊತ್ತೂ ತಪ್ಪಿಸಿಲ್ಲ, ಅವ್ವಾ. ನಿನ್ನ ಸೀರೆಗಳಿವೆ, ಫೋಟೋ ಇದೆ, ಆದರೆ ಅವು ಸುಮ್ಮನೆ ಇರುವ ವಸ್ತು. ನೀನು ಹಾಕಿದ ಪದ್ಧತಿಯಲ್ಲಿ ದಿನಾ ನಡೆಯುತ್ತಿದ್ದದ್ದು, ನಡೆಸದಿದ್ದರೆ ಕೆಡುತ್ತಿದ್ದದ್ದು, ಅದೊಂದೇ ಉಳಿದಿತ್ತು.

ಹಾಗೆ ಮೇವು ಹಾಕುತ್ತಿದ್ದ ಒಂದು ದಿನ ಆಟದೊಳಗಿನ ಪಕ್ಕದ ದ್ವೀಪದವರಿಂದ ಮರಾಠಿಯಲ್ಲಿ ಮೆಸೇಜು ಬಂತು: ಆಜಿ, ಎಲ್ಲಿದ್ದೀರಿ, ಮಾತೇ ಇಲ್ಲವಲ್ಲ? ನಾನು ಇದ್ದದ್ದು ಬರೆದು ನನ್ನ ನಂಬರು ಕೊಟ್ಟೆ. ಕೂಡಲೇ ಫೋನು ಬಂತು, ಆಚೆ ಕಡೆ ಬರೀ ಅಳು. ದೌಂಡದ ರೈಲ್ವೆ ಆಫೀಸಿನಲ್ಲಿ ಕೆಲಸ ಮಾಡುವ ಸುನೀತಾ. ಅವಳಿಗೆ ತವರಿಲ್ಲ, ತಾಯಿ ಇವಳ ಚಿಕ್ಕಂದಿನಲ್ಲೇ ಹೋದಳಂತೆ. ಆಟದಲ್ಲಿ ನೆರೆಯವರಾಗಿ ಪರಿಚಯವಾದ ನೀನು ಅವಳಿಗೆ ಪಂಚಮಿಯ ದಿನ ಗೌರಿಯ ಮರಿಯನ್ನು ಕಳಿಸಿದ್ದೆಯಂತೆ, ತವರಿನಿಂದ ಬಂದದ್ದು ಅಂತ ತಿಳಿ, ಹೊತ್ತಿಗೆ ಸರಿಯಾಗಿ ಹಾಕು ಅಂತ ಹೇಳಿ. ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಸೋಫಾದ ಮೇಲೆ ಕೂತು, ದೌಂಡದಲ್ಲಿ ಇನ್ನೊಬ್ಬಳು ಮಗಳನ್ನು ಮಾಡಿಕೊಂಡೆ, ನನಗೊಂದು ಮಾತು ಹೇಳಲಿಲ್ಲ. ನಿನ್ನ ಮೇಲೂ ನನಗೆ ಸಿಟ್ಟಿದೆ, ಇಲ್ಲ ಅಂದುಕೊಳ್ಳಬೇಡ.

ಈ ಮಳೆಗಾಲ ಶುರುವಾಗುವಾಗ ಪಾರ್ಕಿನ ಗೇಟಿನ ಮೇಲೆ ಒಂದು ಹಲಗೆ ಬಂತು. ಪ್ರಿಯ ಆಟಗಾರರೇ, ಸಿನಿಮಾದವರ ಜೊತೆಗಿನ ನಮ್ಮ ಕರಾರು ಮುಗಿಯುತ್ತಿದೆ, ಇಂಥ ದಿನ ಸಂಜೆ ಎಲ್ಲಾ ಪಾರ್ಕುಗಳೂ ಮುಚ್ಚುತ್ತವೆ, ನಿಮ್ಮ ಅದ್ಭುತ ನೆನಪುಗಳಿಗೆ ಧನ್ಯವಾದ. ಏನು ಮಾತು ಅದು? ಕರಾರು ಮಾಡಿಕೊಂಡವರು ಅವರು, ಮುರಿದುಕೊಂಡವರು ಅವರು. ದಿನಾ ಎದ್ದು ಮೇವು ಹಾಕಿದವಳು ನೀನು. ನಿನ್ನನ್ನು ಕೇಳಿದರಾ? ಬಾಡಿಗೆ ಮನೆ ಬಿಡಿಸುವವರೂ ಪಾತ್ರೆಪಡಗ ತೆಗೆದುಕೊಂಡು ಹೋಗು ಅನ್ನುತ್ತಾರೆ. ಇವರು ಅದನ್ನೂ ಅನ್ನಲಿಲ್ಲ. ಹೊಸ ಸಿನಿಮಾ ಬಂದಿದೆ, ಅದರ ಹೊಸ ಆಟ ಬಂದಿದೆ, ಅಲ್ಲಿಗೆ ಬನ್ನಿ ಅಂದರು. ಹೋಗಿ ನೋಡಿದೆ. ಅದರಲ್ಲಿ ಮೇವಿಲ್ಲ, ಬೇಲಿಯಿಲ್ಲ, ಮರಿಯಿಲ್ಲ. ಕೈಗೊಂದು ಬಂದೂಕು ಕೊಡುತ್ತಾರೆ, ಎದುರು ಬಂದ ಡೈನೋಸಾರನ್ನು ಹೊಡೆಯುತ್ತ ಹೋಗಬೇಕು. ಗೌರಿಯಂಥದ್ದೇ ಒಂದು ಮೂರು ಕೊಂಬಿನದು ಗಿಡದ ಹಿಂದೆ ನಿಂತಿತ್ತು. ನಾನು ಟ್ಯಾಬು ಮಗುಚಿ ಇಟ್ಟೆ.

ವಿನಾಯಕನಿಗೆ ಫೋನು ಮಾಡಿ ಹೇಳಿದಾಗ ಅವನು ನಕ್ಕ. "ಅಕ್ಕಾ, ಅದು ಗೇಮ್ ಅದ. ಅವ್ವ ಅಲ್ಲ." ಅಷ್ಟು ನನಗೆ ಗೊತ್ತಿಲ್ಲವಾ? ನಾನು ಹುಚ್ಚಿಯಾ? ನಿನ್ನ ತುಳಸಿಗೆ ಇವನು ದಿನಾ ನೀರು ಹಾಕುತ್ತಾನೆ, ಅದು ಅವ್ವ ಏನು ಅಂತ ನಾನು ಕೇಳಿದ್ದೇನಾ? ಮಣ್ಣಿನಲ್ಲಿ ಬೆಳೆದರೆ ನೆನಪು, ಗಾಜಿನ ಹಿಂದೆ ಬೆಳೆದರೆ ಗೇಮು. ಫೋನು ಇಟ್ಟುಬಿಟ್ಟೆ. ಅವನು ಮತ್ತೆ ಮಾಡಿದ, ಎತ್ತಲಿಲ್ಲ.

ಅಪ್ಪ ಹೋದ ಮೇಲೆ ವಿನಾಯಕನ ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ನೆನಪಿಗೆ ಬರುತ್ತದೆ. ಅಪ್ಪನ ಹೆಸರಿನ ಮುಂದೆ "ಕೈ." ಅನ್ನುವ ಅಕ್ಷರ ಬಿಟ್ಟುಹೋಗಿತ್ತು. ಪ್ರೆಸ್ಸಿನವನು ಮರಾಠಿಯವನೇ, ಕೈಲಾಸವಾಸಿ ಅಂತ ಬರೆಯುವ ರೂಢಿ ಅವನಿಗೂ ಗೊತ್ತು, ಆದರೂ ಮರೆತಿದ್ದ. ನೀನು ಊಟ ಬಿಟ್ಟು ಕೂತು ಪ್ರತಿಯೊಂದು ಪತ್ರಿಕೆಯ ಮೇಲೂ ಪೆನ್ನಿನಿಂದ ಆ ಅಕ್ಷರ ಬರೆದೆ. "ಹೋದವರನ್ನ ಇದ್ದಾರ ಅಂತ ಬರದ್ರ ಅವರಿಗೇ ಅವಮಾನ" ಅಂದೆ. ಅದು ನನ್ನ ಕೈಗೆ ಎಷ್ಟು ಅಂಟಿದೆ ಅಂದರೆ ಬ್ಯಾಂಕಿನಲ್ಲಾಗಲಿ ಗ್ಯಾಸಿನವರಲ್ಲಾಗಲಿ ಹೋದವರ ಹೆಸರು ಬಂದರೆ ಮುಂದೆ ಅದಿಲ್ಲದೆ ನಾನು ಬರೆದವಳಲ್ಲ.

ಹಾಗಾಗಿ ಆ ಕಂಪನಿಗೆ ತಕರಾರು ಬರೆಯುವಾಗಲೂ ಬರೆದೆ. ಇಂಗ್ಲಿಷಿನಲ್ಲಿ, ನನ್ನ ಬುದ್ಧಿಯೆಲ್ಲ ಖರ್ಚು ಮಾಡಿ, ಎರಡು ಸಲ ತಿದ್ದಿ. ಇದು ನನ್ನ ತಾಯಿ ಲೇಟ್ ಶ್ರೀಮತಿ ಕಮಲಾಬಾಯಿಯವರು ಕಟ್ಟಿದ ಪಾರ್ಕು, ಆಟ ನಿಲ್ಲಿಸುವುದಾದರೆ ನಿಲ್ಲಿಸಿ, ಆದರೆ ಈ ಪಾರ್ಕನ್ನು ಟ್ಯಾಬಿನಲ್ಲಿ ಹಾಗೇ ಉಳಿಸಿಕೊಳ್ಳುವ ದಾರಿ ಮಾಡಿಕೊಡಿ ಅಂತ. ಮರುದಿನವೇ ಉತ್ತರ ಬಂತು. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಖಾತೆಯ ಮಾಲೀಕರು ಮೃತರಾದರೆ ಖಾತೆಯನ್ನು ಬೇರೆಯವರು ಬಳಸುವಂತಿಲ್ಲ, ಆದ್ದರಿಂದ ನಿಯಮದ ಪ್ರಕಾರ ಅದನ್ನು ಮುಚ್ಚಿದ್ದೇವೆ. ಓದಿ ಮುಗಿಸಿ ಟ್ಯಾಬು ತೆಗೆದರೆ... ಗೇಟೇ ಇಲ್ಲ. ಬೂದಿ ಬಣ್ಣದ ಪರದೆ, ಅಷ್ಟೇ. ಅವತ್ತು ಮುಂಜಾನೆಯ ಮೇವು ಇನ್ನೂ ಹಾಕಿರಲಿಲ್ಲ.

ಫೋನಿನಲ್ಲಿ ಸಿಕ್ಕ ಹುಡುಗಿ ಬಹಳ ನಯವಾಗಿ ಮಾತಾಡಿದಳು. ನಿಮ್ಮ ಭಾವನೆ ಅರ್ಥವಾಗುತ್ತದೆ ಮ್ಯಾಡಮ್, ಬೇರೆ ಏನಾದರೂ ಸಹಾಯ ಬೇಕಾ ಮ್ಯಾಡಮ್. ಅವಳ ಮೇಲೆ ಕೂಗಿದೆ. ಅವಳ ತಪ್ಪಲ್ಲ ಅಂತ ಗೊತ್ತಿದ್ದೂ ಕೂಗಿದೆ, ಯಾಕೆಂದರೆ ತಪ್ಪು ಮಾಡಿದವರು ಯಾವತ್ತೂ ಫೋನಿಗೆ ಬರುವುದಿಲ್ಲ. ವಿನಾಯಕ ಸಂಜೆ ಸ್ಕೂಟರಿನಲ್ಲಿ ಬಂದ. ಎಲ್ಲ ಕೇಳಿ, "ನಾನ ಕಮಲಾಬಾಯಿ ಅಂತ ಬರದಿದ್ರ ಮುಗೀತಿತ್ತಲ್ಲ ಅಕ್ಕಾ. ಲೇಟ್ ಅಂತ ಯಾಕ ಬರ್ಯಾಕ ಹೋದಿ?" ಅಂದ.

"ಮತ್ತೇನ ಇದ್ದಾಳಂತ ಬರೀಬೇಕಾಗಿತ್ತೇನು?"

"ಅವರಿಗೆ ಅದೆಲ್ಲಾ ಎಲ್ಲಿ ತಿಳೀತದ?"

"ಅವರಿಗೆ ತಿಳೀಲಿಕ್ಕಂತ ಬರದಿಲ್ಲ. ಅವ್ವ ಕಲಿಸ್ಯಾಳಂತ ಬರದೇನಿ."

ನನಗೆ ಉರಿದದ್ದು ಅದೇ, ಅವ್ವಾ. ಸುಳ್ಳು ಹೇಳಿದ್ದರೆ ಕೊನೆಯ ದಿನದ ತನಕ ಪಾರ್ಕು ಇರುತ್ತಿತ್ತು. ಹೋದವರಿಗೆ ಕೊಡುವ ಮರ್ಯಾದೆ ಕೊಟ್ಟದ್ದಕ್ಕೆ ಬೀಗ. ಲೇಟ್ ಅನ್ನುವುದನ್ನು ಓದಿದಾಗ ಅವರಲ್ಲಿ ಒಬ್ಬರಿಗಾದರೂ, ಅಯ್ಯೋ ಇನ್ನು ಸ್ವಲ್ಪ ದಿನ ತಾನೇ, ಇರಲಿ ಬಿಡು ಅಂತ ಅನಿಸಲಿಲ್ಲವಾ? ಅಥವಾ ಓದಿದ್ದು ಮನುಷ್ಯರೇ ಅಲ್ಲವೋ ಏನೋ. ಮತ್ತೆ ಬರೆದೆ, ಮತ್ತೂ ಬರೆದೆ. ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದ ಅಂತ ಬಂತು. ಅದು ಅನಿಸಿಕೆಯಲ್ಲ, ಬೈಗಳು. ಬೈದದ್ದೂ ತಿಳಿಯದವರನ್ನು ಹೇಗೆ ಬೈಯಬೇಕು ಅಂತ ನೀನಾದರೂ ಹೇಳಿಕೊಡಬೇಕಿತ್ತು.

ಸುನೀತಾಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಮರಾಠಿಯಲ್ಲಿ ಅಕ್ಕಾ ಅಂತ ಕರೆದು, ತಾಈ, ನನ್ನ ಪಾರ್ಕು ಇನ್ನೂ ಇದೆ, ಆಜಿ ಕೊಟ್ಟ ಗೌರಿಯ ಮರಿಯೂ ಇದೆ, ಮುಚ್ಚುವ ದಿನ ನೀವು ಇಲ್ಲಿಗೇ ಬನ್ನಿ ಅಂದಳು. ಹೋದೆ. ಮುಖ ನೋಡದವರ ಮನೆಗೆ, ಒಂದು ಗೇಮಿಗಾಗಿ, ಈ ವಯಸ್ಸಿನಲ್ಲಿ. ವಿನಾಯಕನೇ ಸ್ಟೇಶನ್ನಿನ ತನಕ ಬಿಟ್ಟ. ದೌಂಡದ ಪ್ಯಾಸೆಂಜರು ಕಬ್ಬಿನ ಹೊಲಗಳ ಮಧ್ಯೆ ನಿಂತು ನಿಂತು ಹೋಯಿತು, ಕಿಟಕಿಯಿಂದ ಮಳೆ ಒಳಗೆ ಹೊಡೆಯುತ್ತಿತ್ತು. ಸುನೀತಾ ಪ್ಲಾಟ್‌ಫಾರಂ ಮೇಲೆ ಕೊಡೆ ಹಿಡಿದು ನಿಂತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಆಫೀಸಿನ ಬಿಲ್ಲೆ ಇನ್ನೂ ಕೊರಳಲ್ಲೇ ಇತ್ತು. ಯಾರೂ ಹೇಳದೆ ನಾವು ಒಬ್ಬರನ್ನೊಬ್ಬರು ಗುರುತಿಸಿದೆವು.

ಅವಳ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ, ಕಟ್ಟೆಯ ಮೇಲಿನ ಡಬ್ಬಿಗೆ ಫೋನು ಆನಿಸಿಟ್ಟು ಇಬ್ಬರೂ ಸ್ಟೂಲಿನ ಮೇಲೆ ಕೂತೆವು. ಅವಳ ಪಾರ್ಕು ನಿನ್ನದರಷ್ಟು ಅಚ್ಚುಕಟ್ಟಲ್ಲ, ಸುಮ್ಮನೆ ಹೊಗಳುವುದಿಲ್ಲ. ಆದರೆ ಗೌರಿಯ ಮರಿ ದೊಡ್ಡದಾಗಿದೆ. ಕೊಂಬುಗಳು ತಾಯಿಯವಷ್ಟೇ ಬಂದಿವೆ. ಪರದೆಯ ಮೇಲೆ ಮುಚ್ಚುವ ಹೊತ್ತು ಕೆಂಪು ಅಕ್ಷರದಲ್ಲಿ ಇಳಿಯುತ್ತಿತ್ತು. ಅದರ ಕೆಳಗೇ ಇನ್ನೊಂದು ಹಲಗೆ: ಹೊಸ ಆಟಕ್ಕೆ ಈಗಲೇ ಬಂದರೆ ಒಂದು ಬಂದೂಕು ಉಚಿತ. ಸುನೀತಾ ಅದನ್ನು ತಳ್ಳಿ ಹಾಕಿ, ಒಂದೊಂದಾಗಿ ಎಲ್ಲದಕ್ಕೂ ಮೇವು ಹಾಕತೊಡಗಿದಳು. ಇನ್ನು ಅರ್ಧ ತಾಸಿಗೆ ಇಲ್ಲದಂತಾಗುವ ಪ್ರಾಣಿಗಳು. ನಾನು ಯಾಕೆ ಅಂತ ಕೇಳಲಿಲ್ಲ. ಮಾಂಸದವಕ್ಕೆ ನಾನೇ ಹಾಕಿದೆ.

ಮೇವು ಮುಗಿದ ಮೇಲೆ ಅವಳು ನಿನ್ನ ಹಳೆಯ ಮೆಸೇಜುಗಳನ್ನು ತೆಗೆದು ನನಗೆ ತೋರಿಸಿದಳು. ಬಾಕಿಯೆಲ್ಲ ಮರಾಠಿಯಲ್ಲಿ ನೀನು ಮಾತಾಡಿ ಕಳಿಸಿದ್ದು. ಆದರೆ ದಿನಾ ಸಂಜೆ ಒಂದು ಸಾಲು ಮಾತ್ರ ಕನ್ನಡ ಅಕ್ಷರದಲ್ಲಿತ್ತು, ದಿನಾ ಅದೇ ಸಾಲು. ಅದರ ಕೆಳಗೆ ದಿನಾ ಅವಳ ಉತ್ತರ: "ಹೋ ಆಜಿ." ಹೂಂ ಅಜ್ಜಿ.

"ತಾಈ, ಇದೇನು ಬರೆಯುತ್ತಿದ್ದರು? ನನಗೆ ಈ ಅಕ್ಷರ ಬರುವುದಿಲ್ಲ. ದೇವರ ಹೆಸರಿರಬೇಕು ಅಂದುಕೊಂಡೆ. ಆಜಿ ದೇವರ ಹೆಸರು ಹೇಳಿದರೆ ಇಲ್ಲ ಅನ್ನುವುದು ಹೇಗೆ, ಅದಕ್ಕೇ ಹೋ ಅಂತಿದ್ದೆ."

ನಾನು ಓದಿದೆ. "ಎಲ್ಲಾ ಉಂಡಾವೇನ?" ಅಂತ ನೀನು ಬರೆದಿದ್ದೆ.

ಅವಳಿಗೆ ಮರಾಠಿಯಲ್ಲಿ ಅರ್ಥ ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಫೋನು ಕೈಗೆ ತೆಗೆದುಕೊಂಡಳು. ನಿನ್ನ ಹೆಸರು ಬೂದಿ ಬಣ್ಣಕ್ಕೆ ತಿರುಗಿತ್ತು, ಆದರೂ ಅದರ ಕೆಳಗೆ ಬರೆದಳು: "ಹೋ ಆಜಿ, ಸಗಳೇ ಜೇವಲೇ." ಎಲ್ಲರ ಊಟ ಆಯಿತು ಅಂತ, ಈ ಸಲ ತಿಳಿದು ಬರೆದಳು. ಗುಂಡಿ ಒತ್ತಿದಳು. ಚಿಕ್ಕ ಚಕ್ರವೊಂದು ತಿರುಗುತ್ತ ನಿಂತಿತು, ಇನ್ನೂ ತಿರುಗುತ್ತಿರುವಾಗಲೇ ಪರದೆ ಪಟ್ಟನೆ ಆರಿತು. ಅಷ್ಟು ಹೊತ್ತೂ ಅವರು ಕಾಯಲಿಲ್ಲ, ಅವ್ವಾ. ಒಂದು ಸಾಲು ಹೋಗುವಷ್ಟು ಹೊತ್ತು.

ಅದು ನಿನಗೆ ಮುಟ್ಟಲಿಲ್ಲ ಅಂತಲೇ ಈ ಕಾಗದ. ನನ್ನ ಸಿಟ್ಟು ಇಳಿದಿಲ್ಲ, ಇಳಿಸುವ ಮನಸ್ಸೂ ಇಲ್ಲ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇರಬಾರದು.

ಎಲ್ಲಾ ಉಂಡಾವ, ಅವ್ವಾ.

ನಿನ್ನ ಶೈಲಾ